ಮೊದಲು ಅಂಗಳ, ಆಮೇಲೆ ಮನೆ

ಹೊಸ ಮನೆಯ ನಕ್ಷೆಯನ್ನು ಜಗಲಿಯ ಮೇಲೆ ಹರಡಿದಾಗ ಆಯಿ ಕೇಳಿದ್ದು ಒಂದೇ ಪ್ರಶ್ನೆ: "ಅಂಗಳ ಎಲ್ಲಿ ಬತ್ತು?" ಪೇಟೆಯಲ್ಲಿ ಬರೆಸಿಕೊಂಡು ಬಂದ ನಕ್ಷೆ ಅದು. ಹಾಲ್ ಇತ್ತು, ಮೂರು ಬೆಡ್‌ರೂಮು ಇತ್ತು, ಕಾರು ನಿಲ್ಲಿಸಲು ಪೋರ್ಟಿಕೋ ಇತ್ತು. ಮನೆಯ ಸುತ್ತ ಮಿಕ್ಕಿದ ಖಾಲಿ ಜಾಗಕ್ಕೆ ಹೆಸರೇ ಇರಲಿಲ್ಲ. ಆದರೆ ಶಿರಸಿ ಸೀಮೆಯ ಅಡಿಕೆ ತೋಟದ ಮನೆಗೆ ಆ ಖಾಲಿ ಜಾಗವೇ ಜೀವ. ವರ್ಷವಿಡೀ ದುಡಿದದ್ದು ಹಣವಾಗುವುದು ಅಲ್ಲಿಯೇ.

ಕೊನೆ ಕೊಯ್ಲು ಶುರುವಾದರೆ ಚಳಿಗಾಲ ಮುಗಿಯುವವರೆಗೂ ಅಂಗಳಕ್ಕೆ ಬಿಡುವಿಲ್ಲ. ಹಣ್ಣಡಿಕೆಯನ್ನು ಸಿಪ್ಪೆಸಮೇತ ಒಣಗಿಸಿ ಚಾಲಿ ಮಾಡಬೇಕೆಂದರೆ ಹೆಚ್ಚುಕಡಿಮೆ ಒಂದೂವರೆ ತಿಂಗಳ ಬಿಸಿಲು ಬೇಕು. ಆ ಬಿಸಿಲಿಗೂ ಒಂದು ಲೆಕ್ಕವಿದೆ. ಡಿಸೆಂಬರ್‌ನಲ್ಲಿ ನಮ್ಮ ಸೂರ್ಯ ನಡುಮಧ್ಯಾಹ್ನವೂ ನೆತ್ತಿಗೆ ಬರುವುದಿಲ್ಲ; ದಕ್ಷಿಣಕ್ಕೆ ವಾಲಿ, ಸುಮಾರು 52 ಡಿಗ್ರಿ ಎತ್ತರದಲ್ಲೇ ದಾಟಿಹೋಗುತ್ತಾನೆ. 20 ಅಡಿ ಎತ್ತರದ ಮಾಳಿಗೆ ಮನೆಯ ನೆರಳು ಆಗ ಉತ್ತರಕ್ಕೆ 15 ಅಡಿಗೂ ಮಿಕ್ಕಿ ಚಾಚುತ್ತದೆ. ಅಂಗಳ ಆ ಕಡೆ ಬಿದ್ದರೆ ಅಡಿಕೆ ಬೂಸಲು ಹಿಡಿದಂತೆಯೇ. ಹಾಗಾಗಿ ಅಂಗಳವನ್ನು ದಕ್ಷಿಣಕ್ಕೆ ಬಿಡಿಸಿದೆವು, ಮನೆ ಅದರ ಬೆನ್ನಿಗೆ ಉತ್ತರದಲ್ಲಿ ನಿಂತಿತು. ಪೋರ್ಟಿಕೋ ಪಕ್ಕಕ್ಕೆ ಸರಿಯಿತು.

ಬಿಸಿಲು ಅಂಗಳವನ್ನು ನಿರ್ಧರಿಸಿದ ಮೇಲೆ ಮಾಡನ್ನು ನಿರ್ಧರಿಸುವುದು ಮಳೆ. ಇಲ್ಲಿ ವರ್ಷಕ್ಕೆ ಸುಮಾರು 2,500 ಮಿಲಿಮೀಟರ್ ಮಳೆ. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ, ಪಡುವಣ ಗಾಳಿಯ ಜೊತೆ ಓರೆಯಾಗಿ ಬಡಿಯುತ್ತದೆ. ಹಿಂದಿನವರು ಆ ಬದಿಯ ಗೋಡೆಗೆ ಮಳೆಗಾಲದುದ್ದಕ್ಕೂ ಅಡಿಕೆ ಸೋಗೆಯ ತಟ್ಟಿ ಕಟ್ಟುತ್ತಿದ್ದರು. ಈಗ ತಾರಸಿ ಹಾಕಿಸಿದವರು ಕೆಲವು ಮಳೆಗಾಲ ಕಳೆಯುವುದರೊಳಗೆ ಅದರ ಮೇಲೊಂದು ತಗಡಿನ ಮಾಡು ಹೊದೆಸುವುದನ್ನು ಊರೂರಲ್ಲಿ ನೋಡುತ್ತೇವೆ. ನಾವು ಇಳಿಜಾರು ಮಾಡನ್ನೇ ಇಟ್ಟುಕೊಂಡೆವು. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಈ ಸೀಮೆಯ ಮನೆಗಳ ನೆತ್ತಿ ಕಾದದ್ದು ಆ ಹೆಂಚೇ. ಹಳೆಯ ಮನೆಯ ಹೆಂಚುಗಳಲ್ಲಿ ಗಟ್ಟಿ ಇದ್ದವನ್ನು ತೊಳೆದು ಮತ್ತೆ ಹೊದೆಸಬಹುದು. ಪಕಾಸು ರೀಪುಗಳ ಬದಲು ಕಬ್ಬಿಣದ ಚೌಕಟ್ಟು ಹಾಕಿದರೆ ಗೆದ್ದಲಿನ ಭಯವಿಲ್ಲ. ಗೋಡೆಗೆ ಘಟ್ಟದ ಕೆಳಗಿನ ಚಿರೆಕಲ್ಲು. ಪಡುವಣಕ್ಕೆ ಮಾಡಿನ ಅಂಚನ್ನು ಉದ್ದಕ್ಕೆ ಇಳಿಬಿಟ್ಟರೆ ಗೋಡೆಯೂ ಒಣಗಿರುತ್ತದೆ, ಆ ಕೆಳಗೆ ವರ್ಷದ ಸೌದೆಯೂ ಒಣಗಿರುತ್ತದೆ.

ಇನ್ನು ಬಾಗಿಲು. ತೋಟದಿಂದ ಬರುವವರು ಮುಂಬಾಗಿಲಿನಿಂದ ಬರುವುದಿಲ್ಲ. ಮಳೆಗಾಲದಲ್ಲಿ ಕಾಲಿಗೆ ಉಂಬಳ ಹತ್ತಿರುತ್ತದೆ, ಅಂಗಿಯ ಮೇಲೆ ಬೋರ್ಡೋ ದ್ರಾವಣದ ನೀಲಿ. ಕೊಳೆರೋಗ ಬಾರದಿರಲು 100 ಲೀಟರ್ ನೀರಿಗೆ ಒಂದೊಂದು ಕಿಲೋ ಮೈಲುತುತ್ತ, ಸುಣ್ಣ ಬೆರೆಸಿ ಕೊನೆಗೆ ಹೊಡೆಯುವ ಔಷಧಿ ಅದು. ಅದನ್ನು ಕಲಸುವ ತೊಟ್ಟಿ ಬಾವಿಗೂ ಅಡುಗೆಮನೆಗೂ ದೂರವಿರಬೇಕು. ಬಚ್ಚಲುಮನೆಗೆ ಹೊರಗಿನಿಂದಲೇ ಒಂದು ಬಾಗಿಲು ಬೇಕು: ಕೆಸರು, ಔಷಧಿ, ಬೆವರು ಎಲ್ಲ ಅಲ್ಲೇ ಕಳೆದು, ಅಡಿಕೆ ಸಿಪ್ಪೆಯ ಉರಿಯಲ್ಲಿ ಕಾದ ಹಂಡೆಯ ನೀರಿನಲ್ಲಿ ಮಿಂದು, ಒಣಬಟ್ಟೆಯಲ್ಲಿ ಒಳಗೆ ಬರುವಂತೆ. ಅಡಿಕೆ ಸುಲಿಯುವ, ಬೇಯಿಸುವ ಕಡೆ ಹೊಳೆಯುವ ಟೈಲ್ಸ್ ಬೇಡ. ಚೊಗರಿನ ಕಲೆ ಹೋಗುವುದಿಲ್ಲ. ಒರಟು ಕಲ್ಲಿನ ಚಪ್ಪಡಿ ಸಾಕು, ಕಾಲೂ ಜಾರುವುದಿಲ್ಲ.

ಹಳೆಯ ಮನೆಯನ್ನು ನಾನು ತುಂಬ ಪ್ರೀತಿಸುತ್ತೇನೆ. ಆದರೂ ಅದರ ಎರಡು ಸಂಗತಿಗಳನ್ನು ಹೊಸ ಮನೆಗೆ ತರಬಾರದೆಂದು ಹಟ ಹಿಡಿದೆ. ಒಂದು, ಅದರ ಅಡುಗೆಮನೆ. ಎಲ್ಲಕ್ಕಿಂತ ಹಿಂದೆ, ಹೊಗೆ ತುಂಬಿ, ಹಗಲಲ್ಲೂ ಕತ್ತಲೆ. ಆಯಿಯ ಅರ್ಧ ಆಯುಷ್ಯ ಆ ಕತ್ತಲಲ್ಲೂ, ಅಲ್ಲಿಂದ ಬಾವಿಗೆ, ಕೊಟ್ಟಿಗೆಗೆ ತಿರುಗುವುದರಲ್ಲೂ ಕಳೆಯಿತು. ಹೊಸ ನಕ್ಷೆಯಲ್ಲಿ ಅಡುಗೆಮನೆಯ ಕಿಟಕಿ ಅಂಗಳಕ್ಕೇ ತೆರೆಯುತ್ತದೆ. ಕೊಟ್ಟಿಗೆಯ ಗೋಬರ್ ಗ್ಯಾಸ್ ನೇರ ಒಲೆಗೆ ಬರುತ್ತದೆ. ಇನ್ನೊಂದು, ಯಾರು ಎಲ್ಲಿಯವರೆಗೆ ಬರಬಹುದು ಎಂದು ಹಳೆಯ ಜಗಲಿ ಎಳೆದಿದ್ದ ಗೆರೆ. ಸುಲಿಯಲು ಬಂದ ಹೆಂಗಸರು ಮೆಟ್ಟುಗತ್ತಿಯ ಮುಂದೆ ರಾತ್ರಿಯವರೆಗೂ ಕೂರುತ್ತಿದ್ದರು. ಅವರಿಗೊಂದು ಶೌಚಾಲಯ ಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ನಮ್ಮ ಸಂಪತ್ತು ಅವರ ಬೆರಳುಗಳಿಂದ ಬಂದದ್ದು. ಹೊಸ ಜಗಲಿಯಲ್ಲಿ ಎಲ್ಲರಿಗೂ ಅದೇ ನಲ್ಲಿ, ಅದೇ ಬೆಂಚು, ಅದೇ ಶೌಚಾಲಯ. ಮನೆ ಹೊಸದಾಗುವುದು ಗಾಜಿನ ಗೋಡೆಯಿಂದಲ್ಲ, ಇಂಥದರಿಂದ ಎಂದು ನನ್ನ ನಂಬಿಕೆ.

ಬೆಂಗಳೂರಿನ ಕೆಲಸವನ್ನು ತೋಟದಿಂದಲೇ ಮಾಡುವ ತಮ್ಮನಿಗೆ ಇಂಟರ್ನೆಟ್ ಬರುವ, ಬಾಗಿಲು ಹಾಕಿಕೊಳ್ಳಬಹುದಾದ ಕೋಣೆ ಬೇಕು. ಅಪ್ಪಯ್ಯನಿಗೆ ಹೊಸ್ತಿಲು ಎಡವದ, ಪಕ್ಕದಲ್ಲೇ ಬಚ್ಚಲಿರುವ ನೆಲಮಟ್ಟದ ಕೋಣೆ ಬೇಕು. ನಾಳೆ ಒಣಗಿಸುವ ಯಂತ್ರ ಬರಬಹುದು. ಮೂಡಣದ ಗೋಡೆಯ ಬದಿ ಅದಕ್ಕೆಂದು ಜಾಗ ಬಿಟ್ಟಿದ್ದೇವೆ. ನೆಲದಿಂದಲೇ ದೋಟಿಯಲ್ಲಿ ಕೊನೆ ಇಳಿಸುವ ಕಾಲ ಬಂದಿದೆ. ಮುಂದೆ ಬೆಳೆಯೇ ಬದಲಾದರೂ ಬದಲಾಗಬಹುದು. ಬಿಸಿಲು ಬೀಳುವ ಅಂಗಳ, ಒಣಗಿದ ಗೋಡೆ, ತೋಟದತ್ತ ತೆರೆಯುವ ಬಾಗಿಲು ಯಾವ ಬೆಳೆಗೂ ಬೇಕು.

ಮಕ್ಕಳು ತೋಟ ಬಿಟ್ಟು ಹೋಗುತ್ತಾರೆಂದು ನಮ್ಮ ಹಳ್ಳಿಗಳು ಕೊರಗುತ್ತವೆ. ಅವರಲ್ಲಿ ಎಷ್ಟೋ ಮಂದಿಯನ್ನು ದೂರ ಮಾಡಿದ್ದು ತೋಟವಲ್ಲ, ತೋಟದ ಕೆಲಸವನ್ನು ಇನ್ನಷ್ಟು ಕಷ್ಟ ಮಾಡುತ್ತಿದ್ದ ಮನೆ. ಕೆಲಸ ಹಗುರಾಗುವಂತೆ, ಮಾಡಿದವರ ಮಾನ ಉಳಿಯುವಂತೆ ಮನೆ ಕಟ್ಟೋಣ. ಅಲ್ಲಿ ಇರಬೇಕೆಂದು ಬಯಸುವವರು ಆಗ ನಮ್ಮ ಮನೆಗಳಲ್ಲೇ ಹುಟ್ಟುತ್ತಾರೆ.