ತಾಳೆ ಬಿದ್ದ ಲೆಕ್ಕ

ದೊಡ್ಡಬಳ್ಳಾಪುರ ತಾಲ್ಲೂಕಿನ ಮಧುರೆಯ ಕಡೆಗೆ ಹೋಗುವ ಬಸ್ಸುಗಳಲ್ಲಿ ಶನಿವಾರದ ದಿನ ಕೂರಲು ಸ್ಥಳ ದೊರೆಯುವುದು ದುರ್ಲಭ. ಚಿಕ್ಕಮಧುರೆಯ ಶನಿಮಹಾತ್ಮನ ದರ್ಶನಕ್ಕೆ ಹೊರಟ ಜನರೇ ಬಸ್ಸಿನ ತುಂಬ ಇರುತ್ತಾರೆ. 1980ರ ದಶಕದ ಕೊನೆಯ ಭಾಗದ ಅಂಥದೊಂದು ಶನಿವಾರ, ಕಂಕುಳಲ್ಲಿ ಕಂಪ್ಯೂಟರ್ ಹಾಳೆಗಳ ಕಟ್ಟೊಂದನ್ನು ಅವುಚಿಕೊಂಡು ಬೆಂಗಳೂರಿನಿಂದ ನಿಂತೇ ಬಂದ ತರುಣ ಎಂಜಿನಿಯರನೊಬ್ಬ ಮಧುರೆಯಲ್ಲಿ ಇಳಿದನು. ಆತ ದೇವಸ್ಥಾನಕ್ಕೂ ಹೋಗಲಿಲ್ಲ, ತಾಯಿಯ ಮನೆಗೂ ಹೋಗಲಿಲ್ಲ. ಕೆರೆಯ ದಾರಿ ಹಿಡಿದು ನೇರವಾಗಿ ತನಗೆ ಗಣಿತ ಕಲಿಸಿದ ಮೇಷ್ಟ್ರ ಮನೆಯ ಜಗಲಿಗೆ ಬಂದು ಕುಳಿತನು.

ಮೇಷ್ಟ್ರ ವಿಷಯ ಎರಡು ಮಾತು. ಅವರ ಬೋಧನೆಯಲ್ಲಿ ಒಂದೇ ಒಂದು ವ್ರತವಿತ್ತು: ತಾಳೆ ನೋಡದ ಲೆಕ್ಕಕ್ಕೆ ಅಂಕವಿಲ್ಲ. ಏಕಕಾಲಿಕ ಸಮೀಕರಣಗಳನ್ನು ಬಿಡಿಸಿದ ಮೇಲೆ ದೊರೆತ ಬೆಲೆಗಳನ್ನು ಮೂಲ ಸಮೀಕರಣಗಳಲ್ಲಿ ಮರಳಿ ಇಟ್ಟು, ಎಡಗಡೆ ಬಲಗಡೆ ಸಮನಾದುವೇ ಎಂದು ನೋಡಿ, ಕೆಳಗೆ 'ತಾಳೆ' ಎಂದು ಬರೆಯಬೇಕು. ಉತ್ತರ ಸರಿಯಿದ್ದರೂ ಆ ಪದ ಕಾಣದಿದ್ದರೆ ಒಂದು ಅಂಕ ಕಡಿಮೆ. ಅವರ ಶಿಷ್ಯರಾದ ಎಷ್ಟೋ ಮಂದಿ ಅಂಗಡಿಯ ಚೀಟಿಯ ಕೆಳಗೂ ತಿಳಿಯದೆಯೇ ಆ ಪದವನ್ನು ಬರೆದುಬಿಡುತ್ತಿದ್ದರೆಂದರೆ ಅತಿಶಯೋಕ್ತಿಯಲ್ಲ.

"ಮೇಷ್ಟ್ರೇ, ತಾಳೆ ಬಿತ್ತು. ಆದರೂ ಲೆಕ್ಕ ತಪ್ಪು" ಎಂದನು ತರುಣ.

"ಅದು ಹೇಗಪ್ಪಾ ಆಗುತ್ತೆ?" ಎಂದರು ಅವರು.

ನಡೆದದ್ದು ಇಷ್ಟು. ತರುಣನು ಕೆಲಸ ಮಾಡುತ್ತಿದ್ದ ಕಚೇರಿಗೆ ಬಯಲುಸೀಮೆಯ ಒಂದು ಕೆರೆಯ ಅಳತೆಗಳು ಬಂದಿದ್ದವು. ನೀರಿನ ಮಟ್ಟ ಇಷ್ಟಿದ್ದರೆ ಸಂಗ್ರಹ ಇಷ್ಟು ಎಂಬ ಪಟ್ಟಿ ಅದು. ಆ ಪಟ್ಟಿಗೆ ಐದನೆಯ ಘಾತದ ಒಂದು ವಕ್ರರೇಖೆಯನ್ನು ಹೊಂದಿಸಿ, ಕೋಡಿಯನ್ನು ಎತ್ತರಿಸಿದರೆ ಎಷ್ಟು ನೀರು ನಿಂತೀತೆಂದು ತಿಳಿಯಬೇಕಾಗಿತ್ತು. ವಕ್ರರೇಖೆ ಹೊಂದಿಸುವುದೆಂದರೆ ಆರು ಸಮೀಕರಣಗಳಿಂದ ಆರು ಅಜ್ಞಾತಗಳನ್ನು ಬಿಡಿಸುವುದು. ಬಿಡಿಸುವ ಪ್ರೋಗ್ರಾಮನ್ನು ತರುಣನೇ ಬರೆದಿದ್ದನು, ಪರೀಕ್ಷಿಸಿದವನೂ ಅವನೇ. ಮನಬಂದ ಅಂಕಿಗಳನ್ನು ತುಂಬಿದ ನೂರಾರು ಮಾತೃಕೆಗಳನ್ನು ಕೊಟ್ಟು ನೋಡಿ, ಎಲ್ಲವೂ ಸರಿಬಂದ ಮೇಲೆ 'ಪರೀಕ್ಷಿಸಲಾಗಿದೆ' ಎಂದು ರುಜು ಹಾಕಿದ್ದನು. ಕೆರೆಯ ಲೆಕ್ಕವೂ ತಾಳೆ ಬಿತ್ತು. ಆದರೆ ಹಿರಿಯ ಎಂಜಿನಿಯರೊಬ್ಬರು ಅದೇ ಅಳತೆಗಳನ್ನು ಬೇರೊಂದು ಯಂತ್ರದಲ್ಲಿ ಓಡಿಸಿದಾಗ ಆರು ಸಹಗುಣಕಗಳೂ ಬೇರೆಯಾಗಿ ಬಂದವು. ಅವೂ ತಾಳೆ ಬಿದ್ದವು! ಅಳತೆ ತೆಗೆದ ಮಟ್ಟದವರೆಗೆ ಎರಡು ರೇಖೆಗಳೂ ಒಂದರ ಮೇಲೊಂದು ಮಲಗಿದ್ದವು. ಅದರಿಂದ ಮೇಲಕ್ಕೆ ಹೋದೊಡನೆ ಒಂದು ಆಕಾಶಕ್ಕೆ ಏರಿತು; ಇನ್ನೊಂದು, ಕೆರೆ ತುಂಬಿದಷ್ಟೂ ನೀರು ಕಡಿಮೆಯಾಗುವುದೆಂದು ಹೇಳಿತು. ಅಂದಾಜು ಪಟ್ಟಿ ಮೇಜಿನಿಂದ ಹೊರಗೆ ಹೋಗಿರಲಿಲ್ಲವಾದ್ದರಿಂದ ಯಾವ ಏರಿಯೂ ಒಡೆಯಲಿಲ್ಲ. ಆದರೆ ರುಜು ತನ್ನದಾಗಿತ್ತೆಂಬ ಮಾತು ತರುಣನ ಎದೆಯಲ್ಲಿ ಮುಳ್ಳಿನಂತೆ ನಿಂತಿತ್ತು.

ಮೇಷ್ಟ್ರು ಒಳಗೆ ಹೋಗಿ ಒಂದು ಪುಸ್ತಕ ತಂದರು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ. ಶ. 850ರ ಸುಮಾರಿಗೆ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ರಚಿಸಿದ 'ಗಣಿತಸಾರಸಂಗ್ರಹ' ಅದು. 1912ರಲ್ಲಿ ಮದರಾಸಿನಲ್ಲಿ ರಂಗಾಚಾರ್ಯರು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ ಗ್ರಂಥ. ಅದರಲ್ಲಿ ಮಾದಳದ ಹಣ್ಣು ಮತ್ತು ಬೇಲದ ಹಣ್ಣುಗಳ ಒಂದು ಲೆಕ್ಕವಿದೆ. ಒಂಬತ್ತು ಮಾದಳ, ಏಳು ಬೇಲಗಳಿಗೆ 107; ಏಳು ಮಾದಳ, ಒಂಬತ್ತು ಬೇಲಗಳಿಗೆ 101. ಬೆಲೆ ಎಷ್ಟೆಷ್ಟು? ಮಾದಳಕ್ಕೆ 8, ಬೇಲಕ್ಕೆ 5. ಮೇಷ್ಟ್ರು ಇದನ್ನು ಪ್ರತಿವರ್ಷವೂ ತರಗತಿಯಲ್ಲಿ ಹೇಳುತ್ತಿದ್ದರು.

"ಅಂಗಡಿಯವನು 101 ಅನ್ನೋದನ್ನು 102 ಅಂತ ಬರೆದುಬಿಟ್ಟ ಅಂತಿಟ್ಟುಕೋ" ಎಂದು ಅವರೇ ಬಿಡಿಸಿದರು. ಮಾದಳ 7.78, ಬೇಲ 5.28 ಆಯಿತು. ತಪ್ಪು ಒಂದು, ಉತ್ತರದಲ್ಲಿ ಆದ ವ್ಯತ್ಯಾಸ ಕಾಲಿಗಿಂತ ಸ್ವಲ್ಪ ಹೆಚ್ಚು. ಲೆಕ್ಕ ಕೊಟ್ಟ ಮಾತಿಗೆ ನಿಷ್ಠವಾಗಿತ್ತು.

ಆಮೇಲೆ ತರುಣನು ಪೆನ್ಸಿಲು ತೆಗೆದುಕೊಂಡನು. 99 ಮಾದಳ, 98 ಬೇಲಗಳಿಗೆ 1282. 98 ಮಾದಳ, 97 ಬೇಲಗಳಿಗೆ 1269. ಉತ್ತರ ಅದೇ 8 ಮತ್ತು 5. ಈಗ 1269ರ ಬದಲು 1270 ಎಂದು ಇಟ್ಟರು. ಮೇಷ್ಟ್ರು ಎರಡು ಸಲ ಬಿಡಿಸಿದರು. ಮಾದಳದ ಬೆಲೆ 106. ಬೇಲದ ಬೆಲೆ ಋಣ 94. ಹಣ್ಣು ಕೊಂಡವನಿಗೆ ಅಂಗಡಿಯವನೇ ಹಣ ಕೊಡಬೇಕಾಯಿತು! ಇದಕ್ಕಿಂತ ಮಿಗಿಲಾದ ವಿಚಿತ್ರವೆಂದರೆ, ಈ ಹುಚ್ಚು ಬೆಲೆಗಳನ್ನು ಮೂಲ ಸಮೀಕರಣಗಳಲ್ಲಿ ಇಟ್ಟರೆ ಮೊದಲನೆಯದು 1282 ಎಂದು ಸರಿಯಾಗಿ ಬರುತ್ತದೆ, ಎರಡನೆಯದು 1269ಕ್ಕೆ ಒಂದೇ ಒಂದು ಹೆಚ್ಚು. ಗಣಕಯಂತ್ರವು ಕೆಲವೇ ಅಂಕೆಗಳನ್ನು ಉಳಿಸಿಕೊಂಡು ಮಿಕ್ಕವನ್ನು ಬಿಟ್ಟುಬಿಡುವುದರಿಂದ, ಅದರ ಕಣ್ಣಿಗೆ ಇದೂ ತಾಳೆಯೇ.

ಮೇಷ್ಟ್ರು ಬಹಳ ಹೊತ್ತು ಮಾತಾಡಲಿಲ್ಲ. ಜೀವಮಾನವಿಡೀ ಮಕ್ಕಳಿಗೆ ಉಪದೇಶಿಸಿದ ವ್ರತವು ಜಗಲಿಯ ಮೇಲೆ ಮುರಿದು ಬಿದ್ದಿತ್ತು.

ಇಂಥ ಮಾತೃಕೆಗಳನ್ನು ಇಂಗ್ಲಿಷಿನಲ್ಲಿ ಇಲ್-ಕಂಡೀಷನ್ಡ್ ಎನ್ನುತ್ತಾರೆ. ಕನ್ನಡದಲ್ಲಿ ಸ್ಥಿತಿಗೆಟ್ಟ ಮಾತೃಕೆಗಳೆನ್ನಬಹುದು. ಕೊಟ್ಟ ಅಂಕಿಗಳಲ್ಲಿನ ತಪ್ಪು ಉತ್ತರದಲ್ಲಿ ಹೆಚ್ಚೆಂದರೆ ಎಷ್ಟು ಪಟ್ಟು ಹಿಗ್ಗಬಹುದೆಂಬುದನ್ನು ಹೇಳುವ ಸಂಖ್ಯೆಗೆ 1948ರಲ್ಲಿ ಅಲನ್ ಟ್ಯೂರಿಂಗರು ಸ್ಥಿತಿ ಸಂಖ್ಯೆ ಎಂಬರ್ಥದ ಹೆಸರನ್ನಿಟ್ಟರು. ಮಹಾವೀರಾಚಾರ್ಯನ ಲೆಕ್ಕಕ್ಕೆ ಅದು 8 ಮಾತ್ರ. ನಿರ್ಧಾರಕ ಚಿಕ್ಕದಾಗಿದ್ದರೆ ಮಾತೃಕೆ ಕೆಟ್ಟದ್ದೆಂದು ಪಠ್ಯಪುಸ್ತಕಗಳಲ್ಲಿಯೂ ಕೆಲವೊಮ್ಮೆ ಸೂಚಿಸುವುದುಂಟು, ಅದು ಸರಿಯಲ್ಲ. ಕರ್ಣದಲ್ಲಿ ಹತ್ತು ಸಲ 0.1 ಇಟ್ಟು ಉಳಿದೆಡೆ ಸೊನ್ನೆ ತುಂಬಿದ ಮಾತೃಕೆಯ ನಿರ್ಧಾರಕ ಸಾವಿರ ಕೋಟಿಯಲ್ಲಿ ಒಂದು ಪಾಲು, ಆದರೂ ಅದರಷ್ಟು ಸಾಧು ಮಾತೃಕೆ ಬೇರೊಂದಿಲ್ಲ.

ತರುಣನ ಕೆರೆಯ ಲೆಕ್ಕದಲ್ಲಿ ಅಡಗಿದ್ದ ಶತ್ರು ಹಳಬನೇ. 1894ರಲ್ಲಿ ಡೇವಿಡ್ ಹಿಲ್ಬರ್ಟರು, ವಕ್ರರೇಖೆಗಳನ್ನು ಹೊಂದಿಸುವ ಪ್ರಶ್ನೆಯನ್ನೇ ಕುರಿತು ಚಿಂತಿಸುತ್ತಿದ್ದಾಗ, 1, ½, ⅓, ¼ ಎಂದು ಸಾಗುವ ಭಿನ್ನರಾಶಿಗಳ ಮಾತೃಕೆಯೊಂದನ್ನು ಕಂಡರು. ನೋಡಲು ಸರಳ, ಸುಂದರ. ಮೂರು ಸಾಲಿನದಾದರೆ ಸ್ಥಿತಿ ಸಂಖ್ಯೆ ಸುಮಾರು 524. ಆರು ಸಾಲಿನದಾದರೆ ಸುಮಾರು ಒಂದೂವರೆ ಕೋಟಿ. ಮಟ್ಟಗಳನ್ನು ಸೊನ್ನೆಯಿಂದ ಒಂದರವರೆಗಿನ ಅಳತೆಗೆ ಇಳಿಸಿ ಐದನೆಯ ಘಾತದ ರೇಖೆ ಹೊಂದಿಸಿದರೆ ಸರಿಸುಮಾರು ಇದೇ ಮಾತೃಕೆ ಎದುರಾಗುತ್ತದೆ. ಏಳು ಅಂಕೆಗಳನ್ನಷ್ಟೇ ಹಿಡಿದಿಡುವ ಯಂತ್ರದಲ್ಲಿ ಒಂದೂವರೆ ಕೋಟಿ ಪಟ್ಟು ಹಿಗ್ಗಿದ ತಪ್ಪು ಏನನ್ನು ಉಳಿಸೀತು? ತರುಣನು ಪರೀಕ್ಷೆಗೆ ಬಳಸಿದ ಮನಬಂದ ಅಂಕಿಗಳ ಮಾತೃಕೆಗಳಾದರೋ ಸ್ವಭಾವತಃ ಸಾಧುಗಳು. ಹಾಗೆ ತುಂಬಿದ ಮಾತೃಕೆಯ ಸ್ಥಿತಿ ಸಂಖ್ಯೆ ಸಾಮಾನ್ಯವಾಗಿ ಅದರ ಸಾಲುಗಳ ಎಣಿಕೆಯ ಆಸುಪಾಸಿನಲ್ಲಿರುತ್ತದೆಂದು 1988ರಲ್ಲಿ ಅಲನ್ ಎಡೆಲ್ಮನ್ನರು ತೋರಿಸಿದರು. ಸಾವಿರ ಸಾಧುಗಳನ್ನು ಕಂಡು, ಊರಿನಲ್ಲಿ ಕಳ್ಳರೇ ಇಲ್ಲವೆಂದು ಕಾವಲುಗಾರ ಹೇಳಿದಂತಾಗಿತ್ತು ಆ ರುಜು.

"ಹಾಗಾದರೆ ಕೆಟ್ಟ ಲೆಕ್ಕಗಳನ್ನು ಬೇಕೆಂದೇ ಮಾಡಬೇಕು, ಅಲ್ಲವೇನಪ್ಪಾ?" ಎಂದರು ಮೇಷ್ಟ್ರು ಕೊನೆಗೆ.

ಅಲ್ಲಿಂದ ಮುಂದಿನದು ಅವರ ಕ್ಷೇತ್ರವೇ ಆಗಿತ್ತು. ಪ್ರಶ್ನೆಪತ್ರಿಕೆ ತೆಗೆಯುವ ಯಾವ ಉಪಾಧ್ಯಾಯರಾದರೂ ಉತ್ತರವನ್ನು ಮೊದಲು ಆರಿಸಿಕೊಂಡು ಪ್ರಶ್ನೆಯನ್ನು ಆಮೇಲೆ ಕಟ್ಟುತ್ತಾರೆ. ಮಕ್ಕಳಿಗೆ ಮಾತ್ರ ಇದು ತಿಳಿದಿರುವುದಿಲ್ಲ. 99-98ರ ಲೆಕ್ಕ ಎಲ್ಲಿಂದ ಬಂತೆಂದು ಮೇಷ್ಟ್ರು ಕ್ಷಣದಲ್ಲಿ ಕಂಡುಕೊಂಡರು. ಒಂದು ಮಾದಳ 8. ಒಂದು ಮಾದಳ ಒಂದು ಬೇಲ ಸೇರಿ 13. ಎಳೆಯ ಮಕ್ಕಳೂ ಬಿಡಿಸುವ ಜೋಡಿ. ಎರಡನೆಯದನ್ನು 98ರಿಂದ ಗುಣಿಸಿ ಮೊದಲನೆಯದನ್ನು ಕೂಡಿಸಿದರೆ ಒಂದು ಸಾಲು, 97ರಿಂದ ಗುಣಿಸಿ ಕೂಡಿಸಿದರೆ ಇನ್ನೊಂದು ಸಾಲು. ಮುಗ್ಧವಾದ ಎರಡು ಸಮೀಕರಣಗಳು ಒಂದರೊಳಗೊಂದು ಬೆರೆತು ಅವಳಿಗಳಂತೆ ಕಾಣತೊಡಗುತ್ತವೆ. ಪೂರ್ಣಾಂಕಗಳಿಂದ ಹೀಗೆ ಬೆರೆಸಿದಾಗ ನಿರ್ಧಾರಕದ ಪರಿಮಾಣ 1 ಆಗಿಯೇ ಉಳಿಯುವಂತೆ ನೋಡಿಕೊಂಡರೆ, ವಿಲೋಮ ಮಾತೃಕೆಯಲ್ಲಿಯೂ ಪೂರ್ಣಾಂಕಗಳೇ ಬರುತ್ತವೆ. ನಿಜವಾದ ಉತ್ತರದ ಬಗ್ಗೆ ಎಳ್ಳಷ್ಟೂ ಸಂದೇಹವಿರುವುದಿಲ್ಲ. ಪರೀಕ್ಷಕನಿಗೆ ಬೇಕಾದದ್ದೂ ಅದೇ.

ಮೇಷ್ಟ್ರಿಗೆ ಆಗ ಮೇರುಪ್ರಸ್ತಾರದ ನೆನಪಾಯಿತು. ಪಿಂಗಳನ ಛಂದಸ್ಸೂತ್ರಗಳಿಗೆ ಹತ್ತನೆಯ ಶತಮಾನದಲ್ಲಿ ಹಲಾಯುಧನು ಬರೆದ ವ್ಯಾಖ್ಯಾನದಲ್ಲಿ ವಿವರಿಸಿರುವ, ಪಶ್ಚಿಮದವರು ಪಾಸ್ಕಲನ ಹೆಸರಿನಿಂದ ಕರೆಯುವ ಆ ಸಂಖ್ಯಾಗೋಪುರವನ್ನು ಓರೆಯಾಗಿ ತಿರುಗಿಸಿ ಚೌಕದಲ್ಲಿ ಬರೆದರು. ಐದು ಸಾಲು: ಮೊದಲ ಸಾಲು ಎಲ್ಲವೂ 1, ಎರಡನೆಯದು 1, 2, 3, 4, 5, ಹೀಗೆ ಸಾಗಿ ಕೊನೆಯದು 1, 5, 15, 35, 70. ನಿರ್ಧಾರಕ ಸರಿಯಾಗಿ 1. ಆ ಕೊನೆಯ 70ನ್ನು 69 ಮಾಡಿದರೆ ನಿರ್ಧಾರಕ ಸೊನ್ನೆಯಾಗಿ ವಿಲೋಮವೇ ಇಲ್ಲವಾಗುತ್ತದೆ. ಒಂದು ಅಂಕಿಯ ಅಂತರದಲ್ಲಿ ಪ್ರಪಾತ! (ವಿಲೋಮವೇ ಇಲ್ಲದ ಮಾತೃಕೆಗಳಿಗೂ ಒಂದು ಬಗೆಯ ವಿಲೋಮವನ್ನು ಬೆಳೆಸಿ ಬಳಕೆಗೆ ತಂದವರಲ್ಲಿ ಅಗ್ರಗಣ್ಯರಾದ ಸಿ. ಆರ್. ರಾವ್ ಅವರು 1920ರಲ್ಲಿ ನಮ್ಮ ಹೂವಿನಹಡಗಲಿಯಲ್ಲಿ ಜನಿಸಿದವರೆಂಬುದನ್ನು ಇಲ್ಲಿ ನೆನೆಯದಿರಲಾಗದು.)

ತರುಣನಿಗೆ ಇನ್ನೊಂದು ವಿಧಾನವೂ ತಿಳಿದಿತ್ತು. ಪ್ರತಿಯೊಂದು ಮಾತೃಕೆಯೂ ಕೆಲವು ದಿಕ್ಕುಗಳಲ್ಲಿ ಹಿಗ್ಗಿಸುತ್ತದೆ, ಕೆಲವು ದಿಕ್ಕುಗಳಲ್ಲಿ ಕುಗ್ಗಿಸುತ್ತದೆ. ಅತಿ ಹೆಚ್ಚಿನ ಹಿಗ್ಗನ್ನು ಅತಿ ಕಡಿಮೆಯದರಿಂದ ಭಾಗಿಸಿದರೆ ಬರುವುದೇ ಸ್ಥಿತಿ ಸಂಖ್ಯೆ. ಆದ್ದರಿಂದ ಬೇಕಾದ ಹಿಗ್ಗುಗಳನ್ನು ಕರ್ಣದಲ್ಲಿ ಜೋಡಿಸಿ, ಉದ್ದವನ್ನು ಬದಲಿಸದೆ ಬರಿದೇ ತಿರುಗಿಸುವ ಎರಡು ಮಾತೃಕೆಗಳನ್ನು ಮನಬಂದಂತೆ ಆರಿಸಿ ಎಡಬಲಗಳಿಂದ ಗುಣಿಸಿದರಾಯಿತು. ಒಳಗಿನ ಕೇಡು ಹೊರಗೆ ಕಾಣದು. ಎಷ್ಟು ಕೇಡು ಎಂಬುದು ಮಾತ್ರ ಮಾಡಿದವನಿಗೆ ಗೊತ್ತು. ಮುಂದೆ 1992ರಲ್ಲಿ ಹೊರಬಂದ ಲ್ಯಾಪ್ಯಾಕ್ ಎಂಬ ಪ್ರಸಿದ್ಧ ಪ್ರೋಗ್ರಾಮುಗಳ ಸಂಗ್ರಹದೊಡನೆ ಇಂಥ ಮಾತೃಕೆಗಳನ್ನು ತಯಾರಿಸುವ ಸಾಧನವನ್ನೂ ಕೊಟ್ಟರು. ಆದರೆ ಇದರಲ್ಲಿ ಒಂದು ಕುಂದಿದೆ. ಗುಣಿಸುವಾಗ ಯಂತ್ರವೇ ಅಂಕೆಗಳನ್ನು ಕಡಿಯುವುದರಿಂದ, ಯಾವ ಉತ್ತರವನ್ನು ಇಟ್ಟುಕೊಂಡು ಲೆಕ್ಕ ಕಟ್ಟಿದೆವೋ ಅದು ಸ್ವಲ್ಪ ಜಾರಿರುತ್ತದೆ. ಹಿಲ್ಬರ್ಟರ ಮಾತೃಕೆಗೂ ಇದೇ ದೋಷ: ಮೂರರಲ್ಲೊಂದು ಭಾಗವನ್ನು ಯಂತ್ರ ಪೂರ್ಣವಾಗಿ ಬರೆದುಕೊಳ್ಳಲಾರದು.

"ಲ.ಸಾ.ಅ. ತೆಗೆಯಬಾರದೇ?" ಎಂದರು ಮೇಷ್ಟ್ರು ತಟ್ಟನೆ. ಒಂದರಿಂದ ಹನ್ನೊಂದರವರೆಗಿನ ಸಂಖ್ಯೆಗಳ ಲ.ಸಾ.ಅ. 27720. ಆರು ಸಾಲಿನ ಮಾತೃಕೆಯನ್ನು ಅದರಿಂದ ಗುಣಿಸಿದರೆ ಭಿನ್ನರಾಶಿಗಳೆಲ್ಲ ಪೂರ್ಣಾಂಕಗಳಾಗುತ್ತವೆ, ಸ್ಥಿತಿ ಸಂಖ್ಯೆ ಕದಲುವುದಿಲ್ಲ. ಏಳನೆಯ ತರಗತಿಯ ಪಾಠ ಇಲ್ಲಿ ಉಪಯೋಗಕ್ಕೆ ಬಂದೀತೆಂದು ತರುಣ ಎಣಿಸಿರಲಿಲ್ಲ.

ಸಂಜೆಯ ಬಸ್ಸಿಗೆ ಹೊರಡುವ ಮುನ್ನ ಕೆಟ್ಟ ಲೆಕ್ಕಗಳ ಒಂದು ಹಾಳೆ ಸಿದ್ಧವಾಗಿತ್ತು. ಬೆಂಗಳೂರಿನಲ್ಲಿ ಪ್ರೋಗ್ರಾಮು ಆ ಹಾಳೆಯ ಬಹುಪಾಲು ಲೆಕ್ಕಗಳಲ್ಲಿ ಸೋತಿತು. ತರುಣನು ಅದನ್ನು ಎಸೆಯಲಿಲ್ಲ. ಸ್ಥಿತಿಗೆಟ್ಟ ಲೆಕ್ಕವನ್ನು ಏಳೇ ಅಂಕೆಗಳಲ್ಲಿ ಸರಿಯಾಗಿ ಬಿಡಿಸುವುದು ಯಾವ ಪ್ರೋಗ್ರಾಮಿಗೂ ನ್ಯಾಯವಾಗಿ ಕೇಳಬಹುದಾದ ಮಾತಲ್ಲ; ಆದರೆ ಉತ್ತರವನ್ನು ನಂಬಬಾರದೆಂದು ಅದು ಹೇಳಬೇಕಾಗಿತ್ತು. 1979ರ ಲಿನ್‌ಪ್ಯಾಕ್ ಪ್ರೋಗ್ರಾಮುಗಳಲ್ಲಿ ಸ್ಥಿತಿ ಸಂಖ್ಯೆಯನ್ನು ಅಂದಾಜು ಮಾಡಿ ತಿಳಿಸುವ ಏರ್ಪಾಡು ಆಗಲೇ ಇತ್ತು. ಅಂಥದೇ ಒಂದನ್ನು ಸೇರಿಸಿದ ಮೇಲೆ ಆತ ಮತ್ತೆ ರುಜು ಹಾಕಿದನು. ಕೆರೆಯ ರೇಖೆಯನ್ನು ಎರಡನೆಯ ಘಾತಕ್ಕೆ ಇಳಿಸಿ, ಮೇಲಿನ ಮಟ್ಟದ ಅಳತೆಯನ್ನು ಹೊಸದಾಗಿ ತೆಗೆಸಿದರು.

ಮೇಷ್ಟ್ರು ಆ ವರ್ಷದ ಕಿರುಪರೀಕ್ಷೆಯಲ್ಲಿ ಒಂಬತ್ತನೆಯ ತರಗತಿಗೆ 99-98ರ ಲೆಕ್ಕವನ್ನೇ ಕೊಟ್ಟರು. ಎಲ್ಲರಿಗೂ 8 ಮತ್ತು 5 ಬಂತು. ಹಿಂದಿನ ಬೆಂಚಿನ ಹುಡುಗನೊಬ್ಬ ಮಾತ್ರ ಹಲಗೆಯ ಮೇಲಿನ 1269ನ್ನು 1270 ಎಂದು ಓದಿಕೊಂಡು 106 ಮತ್ತು ಋಣ 94 ಎಂದು ಬರೆದಿದ್ದನು. 'ತಾಳೆ' ಎಂಬ ಪದವೂ ಇತ್ತು. ಅದರ ಕೆಳಗೆ ಇನ್ನೊಂದು ಸಾಲು: "ಹಣ್ಣಿನ ಬೆಲೆ ಋಣವಾಗುವುದಿಲ್ಲ ಸಾರ್, ಕೊಟ್ಟ ಅಂಕಿಯಲ್ಲಿ ಏನೋ ತಪ್ಪಿದೆ."

ಮೇಷ್ಟ್ರು ಕೆಂಪು ಪೆನ್ನಿನಿಂದ ಐದಕ್ಕೆ ಐದು ಹಾಕಿದರು.