ಬ್ಲಫ್

ಮಳವಳ್ಳಿಯಲ್ಲಿ ಬಸ್ಸು ಹತ್ತಿ 'ಶಿವನಸಮುದ್ರ ವಿದ್ಯುತ್ ಕೇಂದ್ರ' ಎಂದರೆ ಕಂಡಕ್ಟರು ಮುಖ ಮುಖ ನೋಡುತ್ತಾರೆ. 'ಬ್ಲಫ್' ಎಂದರೆ ಮರುಮಾತಿಲ್ಲದೆ ಟಿಕೆಟ್ಟು ಹರಿದು ಕೊಡುತ್ತಾರೆ. ಕಡಿದಾದ ಬಂಡೆಗೆ ಇಂಗ್ಲಿಷಿನವರು ಇಟ್ಟ ಹೆಸರಂತೆ. ಇಸ್ಪೀಟು ಆಡುವ ನನಗೆ ಮಾತ್ರ ಆ ಹೆಸರು ಕೇಳಿದಾಗಲೆಲ್ಲ ಅನುಮಾನ.

ಪಕ್ಕದ ಗಗನಚುಕ್ಕಿ ಜಲಪಾತ ನೋಡಲು ಬಂದವರು ಧುಮ್ಮಿಕ್ಕುವ ನೀರಿಗೆ ಬೆನ್ನು ಮಾಡಿ ನಿಂತು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಕಣಿವೆಯ ತಳದಲ್ಲಿರುವ ವಿದ್ಯುತ್ ಕೇಂದ್ರದ ಕಟ್ಟಡದ ಕಡೆ ಯಾರ ಕಣ್ಣೂ ಹೋಗುವುದಿಲ್ಲ. ಪಾಪ, ಅದು ಚೆಂದವೂ ಇಲ್ಲ. ಆದರೆ 1902ರ ಜೂನ್ 30ರಂದು ಅಲ್ಲಿಂದ ಹೊರಟ ಕರೆಂಟು ಸುಮಾರು 147 ಕಿಲೋಮೀಟರ್ ತಂತಿಯ ಮೇಲೆ ಓಡಿ ಕೋಲಾರದ ಚಿನ್ನದ ಗಣಿ ಮುಟ್ಟಿತು. ಅಷ್ಟು ದೂರಕ್ಕೆ ಕರೆಂಟು ಸಾಗಿಸುವುದು ಆಗ ಲೋಕದಲ್ಲೇ ದೊಡ್ಡ ಸಾಹಸ. ರೈಲು ಬಾರದ ಈ ಕೊರಕಲಿಗೆ ಪರದೇಶದ ಯಂತ್ರಗಳನ್ನು ಎತ್ತಿನ ಗಾಡಿಯಲ್ಲಿ, ಆನೆಗಳ ಬಲದಲ್ಲಿ ತಂದು ಇಳಿಸಿದರು. ಯೋಜನೆಗೆ ಬೆನ್ನೆಲುಬಾಗಿದ್ದ ದಿವಾನ್ ಶೇಷಾದ್ರಿ ಅಯ್ಯರ್ ಅದನ್ನು ನೋಡಲಿಲ್ಲ. 1901ರಲ್ಲೇ ತೀರಿಕೊಂಡಿದ್ದರು.

ದೀಪಕ್ಕಾಗಿ ಎಳೆದ ತಂತಿಯಲ್ಲ ಅದು. ಗಣಿಯ ನೀರೆತ್ತಬೇಕು, ಕಲ್ಲು ಪುಡಿಯಾಗಬೇಕು. ಉಗಿಯಂತ್ರಕ್ಕೆ ಸೌದೆ, ಕಲ್ಲಿದ್ದಲು ಸುರಿದು ಕಂಪನಿಗಳು ಬೇಸತ್ತಿದ್ದವು. ಬೇಸಿಗೆಯಲ್ಲಿ ಕಾವೇರಿ ಬಡವಾದರೆ ಗಣಿಗೂ ಕುತ್ತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಶುರುವಾದದ್ದಕ್ಕೆ ಆ ಚಿಂತೆಯೂ ಒಂದು ಕಾರಣ. ಕನ್ನಂಬಾಡಿ ಎಂದರೆ ಕಬ್ಬು, ಭತ್ತ ಎಂದಷ್ಟೇ ತಿಳಿದಿದ್ದ ನಾನು ಇದನ್ನು ಓದಿದ ದಿನ ಕೊಂಚ ಪೆಚ್ಚಾದೆ. ಗಣಿಯ ನಂತರ ಬೆಂಗಳೂರಿನ ಬೀದಿಗೆ ಕರೆಂಟು ದೀಪ ಬಂದದ್ದು 1905ರಲ್ಲಿ. ಸಿಟಿ ಮಾರುಕಟ್ಟೆಯ ಸುತ್ತ ಮೊದಲು ಹೊತ್ತಿಸಿದರು.

ಹಳ್ಳಿಗಳ ಸರದಿ ಬಹಳ ಹಿಂದೆ ಇತ್ತು. ನಮ್ಮಜ್ಜಿಯ ಊರಿನ ಹೊಲದ ಮೇಲೆ ದಪ್ಪ ತಂತಿಗಳು ಹಾದುಹೋಗಿದ್ದವು. ಮಳೆಗಾಲದಲ್ಲಿ ಅವು ಗುಂಯ್‌ಗುಡುವುದನ್ನು ನಾವು ಮಕ್ಕಳು ದೂರ ನಿಂತು ಕೇಳುತ್ತಿದ್ದೆವು. ಸಂಜೆಯಾದರೆ ಅಜ್ಜಿ ಬುಡ್ಡಿ ದೀಪದ ಗಾಜು ಒರೆಸಲು ಕೂರುತ್ತಿದ್ದಳು. "ಅಷ್ಟು ಕರೆಂಟು ಅಲ್ಲೇ ಹೋಯ್ತಾ ಐತಲ್ಲಜ್ಜಿ, ನಮಗ್ಯಾಕಿಲ್ಲ?" ಎಂದು ಕೇಳಿದ್ದೆ. "ಅದು ದೊಡ್ಡೋರ್ ಮನೆ ಮೆರವಣಿಗೆ ಕಣ್ ಮಗ. ನಮ್ ಬೀದೀಲಿ ಹೋಯ್ತದೆ, ನಮ್ ಮನೇಗ್ ಬರಾಕಿಲ್ಲ" ಅಂದಳು. ದೂರಿನ ದನಿಯೇನೂ ಇರಲಿಲ್ಲ. ಬತ್ತಿ ಸರಿಮಾಡಿ ದೀಪ ಹಚ್ಚಿದಳು.

ಕಳೆದ ಸಲ ಹೋದಾಗ ಗಗನಚುಕ್ಕಿಯಲ್ಲಿ ನೀರು ಬಂಡೆ ನೆನೆಯುವಷ್ಟೇ ಇತ್ತು. ಜಲಪಾತ ನೋಡಲು ಬಂದವರು ಗೊಣಗುತ್ತ ಬಸ್ಸು ಹತ್ತಿದರು. ಕೋಲಾರದ ಗಣಿ 2001ರ ಫೆಬ್ರವರಿ 28ಕ್ಕೆ ಮುಚ್ಚಿತು. ಬ್ಲಫ್‌ನಲ್ಲಿ ಕರೆಂಟು ಇನ್ನೂ ಹುಟ್ಟುತ್ತಿದೆ.