ಬಾವಿ ತುಂಬಿದಾಗ ಬಂದವನು

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಒಂದು ಲೇಖನ ಬೇಕೆಂದು ಸಂಪಾದಕ ಮಂಡಳಿಯ ಮಿತ್ರರು ಕೇಳಿದಾಗ ನನ್ನ ಕಣ್ಮುಂದೆ ನಿಂತದ್ದು ಹಿಂದೂಪುರದ ನಮ್ಮ ಶಾಲೆಯ ಜಗಲಿಯಲ್ಲಿ ತೂಗುತ್ತಿದ್ದ ಉಷ್ಣಮಾಪಕ. ಬೆಳಗಿನ ಪ್ರಾರ್ಥನೆಯ ಗಂಟೆಯಾದೊಡನೆ ಅದನ್ನು ನೋಡಿ ಅಂಕಿ ಬರೆದಿಡುವ ಕೆಲಸವನ್ನು ವಿಜ್ಞಾನದ ಮೇಷ್ಟ್ರು ನಮಗೆ ವಹಿಸಿದ್ದರು. ತಿಂಗಳ ಕೊನೆಗೆ ನಕ್ಷೆ ಬರೆದರೆ ಗೆರೆ ಹೆಚ್ಚುಕಡಿಮೆ ನೆಟ್ಟಗಿತ್ತು. "ಹಾಗಾದರೆ ನಮ್ಮೂರಲ್ಲಿ ಮಧ್ಯಾಹ್ನದ ಬಿಸಿಲೇ ಇಲ್ಲವೇನ್ರೋ?" ಎಂದು ಮೇಷ್ಟ್ರು ನಕ್ಕರು. ಮರುದಿನ ಗಂಟೆಗೊಮ್ಮೆ ನೋಡಿಸಿದರು. ಗೆರೆ ಗುಡ್ಡದಂತೆ ಏರಿ ಇಳಿಯಿತು.

ಆ ಪಾಠದ ಶಾಸ್ತ್ರೀಯ ಹೆಸರು ತಿಳಿದದ್ದು, ಬೆಂಗಳೂರಿನಲ್ಲಿ ದೂರವಾಣಿ ಯಂತ್ರಗಳನ್ನು ತಯಾರಿಸುವ ಉದ್ಯೋಗಕ್ಕೆ ಸೇರಿದ ಮೇಲೆ. ಧ್ವನಿಯೆಂಬುದು ಎಡೆಬಿಡದೆ ಹರಿಯುವ ಅಲೆ. ಅದನ್ನು ಅಂಕಿಗಳಾಗಿ ಕಳುಹಿಸಬೇಕಾದರೆ ಸಮಾನ ಅಂತರದಲ್ಲಿ ಮತ್ತೆ ಮತ್ತೆ ಅಳೆಯಬೇಕು. ಇದೇ ಸ್ಯಾಂಪ್ಲಿಂಗ್. ಅಲೆಯಲ್ಲಿರುವ ಅತ್ಯಂತ ವೇಗದ ಕಂಪನದ ಎರಡರಷ್ಟಕ್ಕಿಂತ ಹೆಚ್ಚು ಬಾರಿ ಅಳೆದರೆ ಮಾತ್ರ ಮೂಲ ಅಲೆಯನ್ನು ಮರಳಿ ಪಡೆಯಬಹುದು. ಹ್ಯಾರಿ ನೈಕ್ವಿಸ್ಟರ 1928ರ ಪ್ರಬಂಧದಲ್ಲಿ ಈ ತತ್ತ್ವದ ಬೀಜವಿದೆ. ಕ್ಲಾಡ್ ಶಾನನ್ 1949ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಅದರ ಸಿದ್ಧಾಂತರೂಪವಿದೆ.

ಅಳತೆ ವಿರಳವಾದರೆ ನಿಜ ಮರೆಯಾಗುವುದಷ್ಟೇ ಅಲ್ಲ, ಇಲ್ಲದ್ದೂ ಕಾಣಿಸಿಕೊಳ್ಳುತ್ತದೆ. ಆ ಉಷ್ಣಮಾಪಕವನ್ನು 23 ಗಂಟೆಗಳಿಗೊಮ್ಮೆ ನೋಡಿದೆವೆನ್ನಿ. ಪ್ರತಿ ಸಲವೂ ಒಂದು ಗಂಟೆ ಮುಂಚಿನ ಹೊತ್ತು ಸಿಕ್ಕಿ, ಒಂದೇ ದಿನದ ಬಿಸಿಲು ನೆರಳು 23 ದಿನಗಳ ನಿಧಾನದ ಏರಿಳಿತವಾಗಿ ಕಾಣುತ್ತದೆ. ಟೂರಿಂಗ್ ಟಾಕೀಸಿನಲ್ಲಿ ಸಾರೋಟಿನ ಚಕ್ರ ಹಿಂದಕ್ಕೆ ತಿರುಗಿದಂತೆ ಕಂಡದ್ದೂ ಇದರಿಂದಲೇ. ಸಿನಿಮಾ ಕ್ಯಾಮೆರಾ ಸೆಕೆಂಡಿಗೆ 24 ಬಾರಿ ಮಾತ್ರ ನೋಡುತ್ತದೆ. ಪೊಲೀಸ್ ಪ್ರಕಟಣೆಗಳಲ್ಲಿ ಆರೋಪಿಗೆ 'ಅಲಿಯಾಸ್' ಎಂದು ಮತ್ತೊಂದು ಹೆಸರಿರುವಂತೆ, ಬೇರೆ ವೇಷದಲ್ಲಿ ಬಂದ ಈ ಅಲೆಯ ದೋಷಕ್ಕೆ ಏಲಿಯಾಸಿಂಗ್ ಎಂದು ಹೆಸರು.

ದೂರವಾಣಿಯಲ್ಲಿ ಧ್ವನಿಯನ್ನು ಸೆಕೆಂಡಿಗೆ 8000 ಬಾರಿ ಅಳೆಯುತ್ತೇವೆ. 5000 ಹರ್ಟ್ಸ್‌ನ ಕೀಚಲು ಧ್ವನಿ ಒಳನುಗ್ಗಿದರೆ ಅದು 3000 ಹರ್ಟ್ಸ್‌ನ ಧ್ವನಿಯಾಗಿ ಕೇಳುತ್ತದೆ. ಆದ್ದರಿಂದ ಅಳೆಯುವ ಮೊದಲೇ ಶೋಧಕವೊಂದನ್ನಿಟ್ಟು, ಸುಮಾರು 3400 ಹರ್ಟ್ಸ್‌ಗಿಂತ ಮೇಲಿನದನ್ನು ತಡೆಯುತ್ತೇವೆ. ಅಳೆದಾದ ಮೇಲೆ ಹುಸಿಯಾವುದು, ದಿಟವಾವುದು ಎಂದು ಆ ಅಂಕಿಗಳಿಂದಲೇ ಬೇರ್ಪಡಿಸುವ ಉಪಾಯವಿಲ್ಲ. ಕಿತ್ತೂರಿನಲ್ಲಿ 1986ರಲ್ಲಿ ಸಿ-ಡಾಟ್ ಸಂಸ್ಥೆಯ ಗ್ರಾಮೀಣ ದೂರವಾಣಿ ಕೇಂದ್ರ ಆರಂಭವಾದಾಗ, ಇನ್ನು ನಮ್ಮ ಹಳ್ಳಿಗಳ ಮಾತೂ ಹೀಗೆಯೇ ಅಂಕಿಗಳಾಗಿ ಹರಿಯುವುದೆಂದು ಹಿಗ್ಗಿದ್ದೆ.

ಇಷ್ಟೆಲ್ಲ ಬಲ್ಲ ನಾನು ನನ್ನ ಅಕ್ಕನ ವಿಷಯದಲ್ಲಿ ಎಡವಿದೆ. ಅವಳನ್ನು ಕಲ್ಯಾಣದುರ್ಗದ ಕಡೆಯ ಹಳ್ಳಿಗೆ ಕೊಟ್ಟಿತ್ತು. ಪ್ರತಿ ದೀಪಾವಳಿಗೂ ಪಾವಗಡ ದಾಟಿ ಬಸ್ಸಿನಲ್ಲಿ ಹೋಗುತ್ತಿದ್ದೆ. ಮುಂಗಾರು ಕಳೆದಿರುತ್ತಿತ್ತು, ಬಾವಿಯಲ್ಲಿ ನೀರು, ಅಂಗಳದಲ್ಲಿ ಕಡಲೆಕಾಯಿ, ಅಕ್ಕನ ಮುಖದಲ್ಲಿ ಹಬ್ಬದ ಕಳೆ. "ನಿಮಗೇನಕ್ಕ ಕಡಿಮೆ!" ಎಂದು ಹೇಳಿ ಮರಳುತ್ತಿದ್ದೆ. ಹನ್ನೊಂದು ವರ್ಷ ಹನ್ನೊಂದು ಅಂಕಿ, ಗೆರೆ ನೆಟ್ಟಗೆ.

ಹನ್ನೆರಡನೆಯ ವರ್ಷ ಮದುವೆಯೊಂದಕ್ಕಾಗಿ ಮೇ ತಿಂಗಳಲ್ಲಿ ಹೋದೆ. ಬಾವಿಯ ತಳದಲ್ಲಿ ಬಿರುಕು ಬಿಟ್ಟ ಕೆಸರು. ಅಕ್ಕ ಎರಡು ಬಿಂದಿಗೆ ಹೊತ್ತು ದೂರದ ತೋಟದಿಂದ ಬರುತ್ತಿದ್ದಳು. ಅವಳ ಸೊಂಟ ಬಾಗಿದ್ದನ್ನು ಅಂದೇ ಕಂಡೆ. ಏಕೆ ಹೇಳಲಿಲ್ಲವೆಂದು ಕೇಳಿದೆ. ಬಿಂದಿಗೆ ಇಳಿಸಿ, "ನೀನು ಬರೋದೇ ಬಾವ್ಯಾಗೆ ನೀರಿದ್ದಾಗ ಅಲ್ವೇನಪ್ಪಾ. ಹಬ್ಬದ ದಿನ ಇದನ್ನೆಲ್ಲ ಏನಂತ ಹೇಳ್ಲಿ?" ಎಂದಳು. ಅದರಲ್ಲಿ ದೂರಿರಲಿಲ್ಲ. ಅದೇ ನನ್ನನ್ನು ಹೆಚ್ಚು ಚುಚ್ಚಿತು. ಸೆಕೆಂಡಿಗೆ 8000 ಬಾರಿ ಅಪರಿಚಿತರ ಧ್ವನಿ ಅಳೆಯುವ ಯಂತ್ರ ಕಟ್ಟಿದವನು, ಒಡಹುಟ್ಟಿದವಳನ್ನು ವರ್ಷಕ್ಕೊಮ್ಮೆ, ಅದೂ ಒಂದೇ ಋತುವಿನಲ್ಲಿ ನೋಡಿ ಸುಖವೆಂದು ಬರೆದುಕೊಂಡಿದ್ದೆ. ಅಂದಿನಿಂದ ಬೇಸಿಗೆಯಲ್ಲೂ ಹೋಗುತ್ತೇನೆ, ಬಿತ್ತನೆಯ ಹೊತ್ತಿಗೂ ಹೋಗುತ್ತೇನೆ.

ಹಳೆಯ ವಿದ್ಯಾರ್ಥಿ ಬಂಧುಗಳಲ್ಲಿ ಒಂದು ಅರಿಕೆ. ತೋರಣ ಕಟ್ಟಿದ ದಿನ ಯಾವ ಶಾಲೆಯೂ ತುಂಬಿಯೇ ಕಾಣುತ್ತದೆ. ಗಡಿಯಾಚೆಯ ಈ ನೆಲದಲ್ಲಿ ಕನ್ನಡ ಶಾಲೆಯ ನಿಜಸ್ಥಿತಿ ತಿಳಿಯಬೇಕಾದರೆ, ಜೂನ್ ತಿಂಗಳಲ್ಲಿ ಒಂದನೆಯ ತರಗತಿಗೆ ಹೆಸರು ಬರೆಸುವ ದಿನ ಬನ್ನಿ. ಮಳೆ ಸುರಿಯುವ ದಿನವೂ ಒಮ್ಮೆ ಬನ್ನಿ. ಉತ್ಸವದ ದಿನ ಮಾತ್ರ ಬಂದು, ಎಲ್ಲವೂ ಚೆನ್ನಾಗಿದೆಯೆಂದು ನನ್ನಂತೆ ಬರೆದುಕೊಂಡು ಹೋಗಬೇಡಿ.